ಸುಣ್ಣ ಬಿದ್ದ ಕಣ್ಣಿಗೆ ಮರಳಿ ಬೆಳಕು

ನಿಮ್ಮ ಮನೆಯಲ್ಲಿ ಎಲೆ-ಅಡಿಕೆ ಹಾಕುವ ಹಿರಿಯರಿದ್ದರೆ, ಮುಂದೆ ಓದುವ ಮೊದಲು ಎದ್ದುಹೋಗಿ ಅವರ ಸುಣ್ಣದ ಪೊಟ್ಟಣವನ್ನು ಮಕ್ಕಳ ಕೈಗೆಟುಕದ ಕಡೆ ಇಟ್ಟು ಬನ್ನಿ.

ಕೆಲವು ವರ್ಷಗಳ ಹಿಂದೆ ಆರು ವರ್ಷದ ಹುಡುಗನೊಬ್ಬನನ್ನು ನನ್ನ ಕ್ಲಿನಿಕ್ಕಿಗೆ ಎತ್ತಿಕೊಂಡು ಬಂದರು. ಅಜ್ಜಿಯ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಹಿಂಡಿ ಆಡುತ್ತಿದ್ದಾಗ ಅದು ಒಡೆದು ಬಲಗಣ್ಣಿಗೆ ಚಿಮ್ಮಿತ್ತು. ಗಾಬರಿಯಲ್ಲಿ ಕಣ್ಣಿಗೆ ಹರಳೆಣ್ಣೆ ಬಿಟ್ಟು, ಬಸ್ಸು ಹಿಡಿದು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಸಲೈನ್ ಸುರಿದು ತೊಳೆದೆ, ರೆಪ್ಪೆ ಮಗುಚಿ ಸುಣ್ಣದ ಹರಳುಗಳನ್ನು ತೆಗೆದೆ, ಕಣ್ಣಾಸ್ಪತ್ರೆಗೆ ಕಳಿಸಿದೆ. ಕೆಲವು ತಿಂಗಳ ನಂತರ ನೋಡಿದಾಗ ಕರಿಗುಡ್ಡೆಯ ಮೇಲೆ ಬಿಳಿ ಪರದೆ, ಅದರ ತುಂಬ ರಕ್ತನಾಳಗಳು. ಹಳ್ಳಿಯ ಮಾತಿನಲ್ಲಿ, ಕಣ್ಣಿಗೆ ಹೂ ಬಿದ್ದಿತ್ತು.

ತಂದೆ ಕೇಳಿದರು: "ಸತ್ತವರ ಕಣ್ಣು ತಂದು ಹಾಕ್ತಾರಂತಲ್ಲ ಡಾಕ್ಟ್ರೇ, ಸಾಲ ಮಾಡಿಯಾದ್ರೂ ಅದನ್ನ ಮಾಡಿಸೋಣ."

ಅದನ್ನೊಂದೇ ಮಾಡಿಸಿದರೆ ನಿಲ್ಲುವುದಿಲ್ಲ ಎಂದು ಅವರಿಗೆ ಹೇಳಬೇಕಾಯಿತು. ಯಾಕೆಂದು ನಿಮಗೂ ವಿವರಿಸುತ್ತೇನೆ.

ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದರಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದಲೇ ಬೇರೊಬ್ಬರ ಕಾರ್ನಿಯವನ್ನು ನಮ್ಮ ದೇಹ ಮೂತ್ರಪಿಂಡವನ್ನು ತಿರಸ್ಕರಿಸುವಷ್ಟು ಸುಲಭವಾಗಿ ತಿರಸ್ಕರಿಸುವುದಿಲ್ಲ. ನೇತ್ರದಾನದಲ್ಲಿ ಇಡೀ ಕಣ್ಣನ್ನು ಕೂಡಿಸುತ್ತಾರೆಂಬುದು ತಪ್ಪು ಕಲ್ಪನೆ. ಕೂಡಿಸುವುದು ಈ ಪಟಲವನ್ನು ಮಾತ್ರ. ಅಕ್ಷಿಪಟಲ ಅಥವಾ ಕಣ್ಣಿನ ನರ ಕೆಟ್ಟಿದ್ದರೆ ಇದರಿಂದ ಪ್ರಯೋಜನವಿಲ್ಲ. ವಯಸ್ಸಾದವರಿಗೆ ಬರುವ ಪೊರೆ ಬೇರೆ, ಅದು ಒಳಗಿನ ಮಸೂರದ ತೊಂದರೆ.

ಈ ಚಿಕಿತ್ಸೆ ಹೊಸದೇನಲ್ಲ. 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ದೇಶದ ಓಲೊಮೌಟ್ಸ್ ಊರಿನಲ್ಲಿ ಡಾ. ಎಡುವಾರ್ಡ್ ಜಿರ್ಮ್ ಅವರು ಒಬ್ಬ ಕೂಲಿಕಾರನಿಗೆ ಮೊದಲ ಯಶಸ್ವಿ ಕಾರ್ನಿಯ ಜೋಡಣೆ ಮಾಡಿದರು. ಗಾಯಗೊಂಡು ತೆಗೆಯಲೇಬೇಕಾಗಿದ್ದ ಹನ್ನೊಂದು ವರ್ಷದ ಬಾಲಕನ ಕಣ್ಣಿನಿಂದ ಕಾರ್ನಿಯ ಸಿಕ್ಕಿತು. ವಿಚಿತ್ರವೆಂದರೆ, ಆ ಕೂಲಿಕಾರನ ಕಣ್ಣುಗಳನ್ನು ಸುಟ್ಟದ್ದೂ ಸುಣ್ಣವೇ! ಎರಡೂ ಕಣ್ಣಿಗೆ ಜೋಡಿಸಿದರೂ ಒಂದು ಮಾತ್ರ ತಿಳಿಯಾಗಿ ಉಳಿಯಿತು.

ಸುಣ್ಣದ ಪೆಟ್ಟು ಅಂಥದು. ಕಾರ್ನಿಯದ ಮೇಲ್ಪದರ ನಮ್ಮ ಚರ್ಮದಂತೆ ಸದಾ ಸವೆಯುತ್ತ, ಹೊಸದಾಗುತ್ತ ಇರುತ್ತದೆ. ಹೊಸ ಜೀವಕೋಶಗಳನ್ನು ಒದಗಿಸುವ ಮೂಲಕೋಶಗಳು ಇರುವುದು ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಕೂಡುವ ಅಂಚಿನಲ್ಲಿ. ಅದನ್ನು ಲಿಂಬಸ್ ಎನ್ನುತ್ತೇವೆ. ಇದನ್ನು ಸಸಿಮಡಿ ಎಂದುಕೊಳ್ಳಿ. ಮಡಿಯೇ ಸುಟ್ಟುಹೋದರೆ ಗದ್ದೆಗೆ ಪೈರೆಲ್ಲಿಂದ ಬರಬೇಕು? ಬಿಳಿಗುಡ್ಡೆಯ ಪೊರೆ ಕಳೆಯಂತೆ ಒಳನುಗ್ಗುತ್ತದೆ. ಹೊಸ ಕಾರ್ನಿಯ ಕೂಡಿಸಿದರೂ ಅದರ ಮೇಲ್ಪದರ ಸವೆದ ಮೇಲೆ ಮತ್ತೆ ಅದೇ ಕಥೆ.

ಹೀಗಾಗಿ ಮೊದಲು ಸಸಿಮಡಿ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ರೋಗಿಯ ಇನ್ನೊಂದು, ಆರೋಗ್ಯವಾದ ಕಣ್ಣಿನ ಲಿಂಬಸ್‌ನಿಂದ ಸುಮಾರು ಎರಡು ಮಿಲಿಮೀಟರ್ ಚದರದಷ್ಟು ತುಣುಕು ತೆಗೆದು, ಅದನ್ನು ಎಂಟು-ಹತ್ತು ಚೂರು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹಾಸಿದ ಗರ್ಭಚೀಲದ ತೆಳುಪೊರೆಯ ಮೇಲೆ ಅಂಟಿಸುತ್ತಾರೆ. ಕೋಶಗಳು ಕಣ್ಣಿನ ಮೇಲೆಯೇ ಬೆಳೆದು ಹರಡುತ್ತವೆ. ಇದೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹಾಕುವ ಚಿಕಿತ್ಸೆಗೆ ಯೂರೋಪಿನಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದಕ್ಕೆ ದುಬಾರಿ ಪ್ರಯೋಗಾಲಯ ಬೇಕು. ನಮ್ಮಂಥ ದೇಶಕ್ಕೆ ಹೈದರಾಬಾದಿನ ದಾರಿಯೇ ಸರಿ ಎಂದು ನನ್ನ ಅನಿಸಿಕೆ. ಎರಡೂ ಕಣ್ಣು ಸುಟ್ಟವರಿಗೆ ಮಾತ್ರ ಕಷ್ಟ. ಬೇರೆಯವರ ಕೋಶ ತರಬೇಕು, ದೇಹ ಅದನ್ನು ತಿರಸ್ಕರಿಸದಂತೆ ಔಷಧಿಯನ್ನೂ ನುಂಗಬೇಕು.

ನಮ್ಮ ಹುಡುಗನಿಗೆ ಈ ಶಸ್ತ್ರಚಿಕಿತ್ಸೆ ಆಯಿತು. ಪರದೆ ಬಹುಮಟ್ಟಿಗೆ ಸರಿಯಿತು. ಆದರೆ ತಿಂಗಳುಗಟ್ಟಲೆ ಕೆಲಸವಿಲ್ಲದೆ ಇದ್ದ ಕಣ್ಣು ಸೋಮಾರಿಯಾಗಿತ್ತು. ಒಳ್ಳೆಯ ಕಣ್ಣಿಗೆ ದಿನವೂ ಪಟ್ಟಿ ಕಟ್ಟಿ ಇದನ್ನು ದುಡಿಸಬೇಕಾಯಿತು. ಪಟ್ಟಿ ಕಿತ್ತೆಸೆಯುವ ಹುಡುಗ, ಮತ್ತೆ ಕಟ್ಟುವ ಅಜ್ಜಿ! ಈಗ ಆ ಕಣ್ಣಿನಲ್ಲಿ ಬೋರ್ಡಿನ ದೊಡ್ಡ ಅಕ್ಷರ ಓದುತ್ತಾನೆ. ಒಳಗೆ ಉಳಿದಿರುವ ಕಲೆಗೆ ಮುಂದೆ ಕಾರ್ನಿಯ ಬೇಕಾಗಬಹುದು, ಆಗ ಅದು ನಿಲ್ಲುವ ಸಂಭವ ಹೆಚ್ಚು.

ಆ ಕಾರ್ನಿಯ ಎಲ್ಲಿಂದ ಬರಬೇಕು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಮನೆಯವರು, ಆ ದುಃಖದಲ್ಲೂ, ಅವರ ಕಣ್ಣುಗಳನ್ನು ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ವರಿಗೆ ಕೂಡಿಸಿದರು. ಹಿಂಪದರದ ಕೋಶಗಳ ಕೆಲಸ ಕಾರ್ನಿಯದಿಂದ ನೀರು ಹೊರಹಾಕುವುದು. ಸತ್ತರೆ ಇವು ಮತ್ತೆ ಹುಟ್ಟುವುದಿಲ್ಲ. ಜಪಾನಿನ ಕ್ಯೋಟೋದಲ್ಲಿ ಡಾ. ಶಿಗೆರು ಕಿನೊಶಿತಾ ಅವರ ತಂಡ ಈ ಕೋಶಗಳನ್ನೂ ಬೆಳೆಸಿ, ಸೂಜಿಯಿಂದ ಕಣ್ಣೊಳಗೆ ಬಿಟ್ಟು, ರೋಗಿಯನ್ನು ಮೂರು ಗಂಟೆ ಬೋರಲು ಮಲಗಿಸಿತು. ಹನ್ನೊಂದು ರೋಗಿಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 2023ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಈ ಕೋಶಗಳಿಗೂ ಬೀಜ ದಾನಿಯ ಕಣ್ಣೇ.

ಸುಣ್ಣ ಕಣ್ಣಿಗೆ ಬಿದ್ದರೆ ಎಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ. ಕೂಡಲೇ ನಲ್ಲಿಯ ಕೆಳಗೆ ರೆಪ್ಪೆ ಅಗಲಿಸಿ ಅರ್ಧ ಗಂಟೆ ತೊಳೆಯಿರಿ. ಆಸ್ಪತ್ರೆ ಆಮೇಲೆ. ಒಡೆಯುವ ಪೊಟ್ಟಣಕ್ಕಿಂತ ಗಟ್ಟಿ ಮುಚ್ಚಳದ ಡಬ್ಬಿ ಮೇಲು.

ಮನೆಯಲ್ಲಿ ಸಾವು ಸಂಭವಿಸಿದರೆ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಹತ್ತಿರದ ನೇತ್ರಭಂಡಾರಕ್ಕೆ ಬೇಗ ಫೋನ್ ಮಾಡಿ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಏಡ್ಸ್, ರೇಬಿಸ್, ಬಿ ಮತ್ತು ಸಿ ಕಾಮಾಲೆಯಂಥ ಸೋಂಕಿದ್ದವರ ಕಣ್ಣು ಬಾರದು. ತೆಗೆಯಲು ಇಪ್ಪತ್ತು ನಿಮಿಷ ಸಾಕು, ಮುಖ ವಿಕಾರವಾಗುವುದಿಲ್ಲ. ದಾನಪತ್ರಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಸಾಲದು. ಆ ಹೊತ್ತಿನಲ್ಲಿ ಹೂಂ ಎನ್ನಬೇಕಾದವರು ಮನೆಯವರು, ಅವರಿಗೆ ಈಗಲೇ ಹೇಳಿಡಿ.