ಲಖನೌದ ನಮ್ಮ ಚಾಚಾ

ಊರು ನೋಡಲು ಹೊರಟವನಿಗೆ ಮೊದಲ ಶತ್ರು ಗೈಡ್ ಎಂಬುದು ನಮ್ಮ ಮಧ್ಯಮ ವರ್ಗದವರ ಬಲವಾದ ನಂಬಿಕೆ. ನೆರೆಮನೆಯವರಿಂದ ಹಿಡಿದು ರೈಲಿನ ಸಹಪ್ರಯಾಣಿಕರವರೆಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: “ಅವರು ಕೇಳಿದ್ದರಲ್ಲಿ ಅರ್ಧ ಕೊಡಿ, ಹೇಳಿದ್ದರಲ್ಲಿ ಅರ್ಧ ನಂಬಿ.” ಒಂದು ಡಿಸೆಂಬರಿನಲ್ಲಿ ಹೆಂಡತಿ ಮತ್ತು ಹತ್ತು ವರ್ಷದ ಮಗಳೊಡನೆ ಲಖನೌದ ಬಡಾ ಇಮಾಮ್‌ಬಾಡಾದ ಹೆಬ್ಬಾಗಿಲಿಗೆ ಬಂದು ನಿಂತಾಗ ಈ ಎರಡು ಸೂತ್ರಗಳೂ ನನಗೆ ಬಾಯಿಪಾಠವಾಗಿದ್ದವು.

ನಮ್ಮೆದುರು ಬಂದವರು ಅರವತ್ತು ದಾಟಿದ ಹಿರಿಯರು. ಸುತ್ತಲಿನವರು ಅವರನ್ನು ‘ಚಾಚಾ’ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಅವರ ಹೆಸರನ್ನಾಗಲಿ ಚಹರೆಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ಓದುಗರಿಗೇ ತಿಳಿಯುತ್ತದೆ.

ಅವರೊಂದು ಮೊತ್ತ ಹೇಳಿದರು. ನಾನು ಅದರ ಅರ್ಧ ಹೇಳಿದೆ. ಅವರು ಮಾತನಾಡದೆ ನನ್ನ ಮುಖವನ್ನೇ ನೋಡಿದರು. ಇದೂ ವ್ಯಾಪಾರದ ಒಂದು ವರಸೆ ಎಂದುಕೊಂಡು ನಾನು ಬೆರಳೆಣಿಸಿ ತೋರಿಸಿದೆ. ಅವರು ನಸುನಕ್ಕು ತಲೆಯಾಡಿಸಿದರು. ಗೆದ್ದೆನೆಂಬ ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದೆ. ಆಕೆ ಬೇರೆಲ್ಲೋ ನೋಡುತ್ತಿದ್ದಳು.

ಬರಗಾಲದಲ್ಲಿ ಎದ್ದ ಕಟ್ಟಡ

ಅವಧದ ನವಾಬ ಆಸಫ್-ಉದ್-ದೌಲ 1775ರಲ್ಲಿ ರಾಜಧಾನಿಯನ್ನು ಫೈಜಾಬಾದಿನಿಂದ ಲಖನೌಗೆ ತಂದನು. ಕೆಲವೇ ವರ್ಷಗಳಲ್ಲಿ ಉತ್ತರ ಭಾರತವನ್ನು ಘೋರ ಕ್ಷಾಮ ಆವರಿಸಿತು. ಹಸಿದವರಿಗೆ ಕೆಲಸ ಕೊಡಲೆಂದು 1784ರಲ್ಲಿ ನವಾಬನು ಈ ಕಟ್ಟಡವನ್ನು ಆರಂಭಿಸಿದನು. ಕರ್ಬಲಾದಲ್ಲಿ ಹುತಾತ್ಮನಾದ ಇಮಾಮ್ ಹುಸೇನನಿಗಾಗಿ ಮೊಹರಂ ತಿಂಗಳಲ್ಲಿ ಶೋಕವನ್ನಾಚರಿಸುವ ಸ್ಥಳ ಇದು. ಶಿಲ್ಪಿ ಕಿಫಾಯತುಲ್ಲಾ.

“ಹಗಲು ಬಡವರು ಕಟ್ಟುತ್ತಿದ್ದರು,” ಎಂದರು ಚಾಚಾ. “ಆದರೆ ಬರಗಾಲ ಬಡವರನ್ನು ಮಾತ್ರ ಹಿಡಿಯುತ್ತದೆಯೇ? ದೊಡ್ಡ ಮನೆಗಳ ಒಲೆಯೂ ಆರಿತ್ತು. ಅವರು ಕತ್ತಲಾದ ಮೇಲೆ ಮುಸುಕು ಹಾಕಿಕೊಂಡು ಬಂದು, ಹಗಲು ಕಟ್ಟಿದ್ದರಲ್ಲಿ ಒಂದಷ್ಟನ್ನು ಕೆಡವುತ್ತಿದ್ದರು. ಕಟ್ಟಿದವನಿಗೂ ಕೂಲಿ, ಕೆಡವಿದವನಿಗೂ ಕೂಲಿ. ಯಾರು ಬಂದರು ಎಂದು ಯಾರೂ ದೀಪ ಹಿಡಿದು ನೋಡಲಿಲ್ಲ.”

ಇದು ಐತಿಹ್ಯವೆಂದು ನಾನು ಓದಿದ್ದೆ. ನಂಬಬಾರದ ಅರ್ಧದ ಲೆಕ್ಕಕ್ಕೆ ಅದನ್ನು ಸೇರಿಸಿಕೊಂಡೆ. ಕೆಡವಿದವರ ಲೆಕ್ಕವನ್ನು ನವಾಬನ ಗುಮಾಸ್ತರು ಹೇಗೆ ಬರೆದರು ಎಂದು ನನ್ನ ಬೆಂಗಳೂರು ಹಿಂದಿಯಲ್ಲಿ ಕೇಳಿದೆ. ಅವರು ಮಸೀದಿಯ ಮಿನಾರುಗಳ ಎತ್ತರವನ್ನು ವಿವರಿಸಿದರು. ತಪ್ಪು ನನ್ನ ಹಿಂದಿಯದೇ ಎಂದು ಸುಮ್ಮನಾದೆ.

ಕಡ್ಡಿ ಗೀರಿದ ಸದ್ದು

ನಡುವಿನ ಸಭಾಂಗಣಕ್ಕೆ ಕಾಲಿಟ್ಟವರು ಮೊದಲು ತಲೆಯೆತ್ತಿ ನೋಡುತ್ತಾರೆ. ಸುಮಾರು 50 ಮೀಟರ್ ಉದ್ದ, 16 ಮೀಟರ್ ಅಗಲ, 15 ಮೀಟರ್ ಎತ್ತರದ ಆ ವಿಸ್ತಾರದ ನಡುವೆ ಒಂದು ಕಂಬವಿಲ್ಲ. ಮೇಲೆ ಒಂದು ತೊಲೆಯಿಲ್ಲ. ಎಲ್ಲವೂ ಇಟ್ಟಿಗೆ ಮತ್ತು ಗಾರೆಯ ಕಮಾನು. ಆ ಭಾರವನ್ನು ಹೊರುವ ದಪ್ಪ ಗೋಡೆಗಳನ್ನು ಗಟ್ಟಿಯಾಗಿ ತುಂಬಿಸದೆ, ಒಳಗೆ ಇಕ್ಕಟ್ಟಾದ ಓಣಿಗಳನ್ನು ಬಿಟ್ಟಿದ್ದಾರೆ. ಕಟ್ಟಡ ಹಗುರವಾಗಲೆಂದು ಬಿಟ್ಟ ಆ ಓಣಿಗಳೇ ಹೆಸರಾಂತ ‘ಭೂಲ್ ಭುಲಯ್ಯಾ’ ಆಗಿವೆ. ಒಂದೇ ಬಗೆಯ ಬಾಗಿಲುಗಳು, ಎಲ್ಲಿಗೋ ಏರುವ, ಎಲ್ಲಿಗೂ ಮುಟ್ಟದ ಮೆಟ್ಟಿಲುಗಳು.

ಆ ಓಣಿಗಳಿಂದ ಸಭಾಂಗಣದ ಮೇಲಿನ ಮೊಗಸಾಲೆಗೆ ಬಂದೆವು. ನಮ್ಮನ್ನು ಒಂದು ತುದಿಯಲ್ಲಿ ನಿಲ್ಲಿಸಿ ಚಾಚಾ ಇನ್ನೊಂದು ತುದಿಗೆ ಹೋದರು. ದೂರದಲ್ಲಿ ಕೈ ಮೇಲೆತ್ತಿ ಬೆಂಕಿಕಡ್ಡಿಯನ್ನು ಗೀರಿದರು. ಆ ‘ಚರ್ರ್’ ಎಂಬ ಸದ್ದು ನಮ್ಮ ಕಿವಿಯ ಪಕ್ಕದಲ್ಲೇ ಹೊತ್ತಿಕೊಂಡಂತಾಯಿತು! ಮಗಳು ಬೆರಗಿನಿಂದ ಚಪ್ಪಾಳೆ ತಟ್ಟಿದಳು. ಚಾಚಾ ಹಿಂದಿರುಗಿ ಬಂದು, “ಸ್ಪಷ್ಟವಾಗಿ ಕೇಳಿಸಿತೇ? ಉರಿಯುವ ಸದ್ದೂ ಕೇಳಿಸಿತೇ?” ಎಂದು ಎರಡೆರಡು ಸಲ ವಿಚಾರಿಸಿದರು. ಹೊಗಳಿಕೆಯ ಆಸೆ ಎಂದುಕೊಂಡೆ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಉತ್ಸಾಹದಲ್ಲಿ ಮಗಳು ಯಾವುದೋ ಬಾಗಿಲು ದಾಟಿ ಓಡಿಬಿಟ್ಟಳು. ಕ್ಷಣದಲ್ಲಿ “ಅಪ್ಪಾ! ಅಪ್ಪಾ!” ಎಂಬ ಅಳುದನಿ ಕತ್ತಲೆಯ ನಾಲ್ಕು ದಿಕ್ಕಿನಿಂದಲೂ ಬಂದಂತೆ ಕೇಳಿಸಿತು. ನಾನು ಕೂಗಿದೆ; ಹೆಂಡತಿ ಕೂಗಿದಳು. ಮುಂದೆ ಹೋಗುತ್ತಿದ್ದ ಚಾಚಾ ತಿರುಗಿಯೂ ನೋಡದೆ ನಡೆಯುತ್ತಲೇ ಇದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ಓಡಿಹೋಗಿ ಅವರ ತೋಳು ಹಿಡಿದಳು. ಆಕೆಯ ಮುಖ ನೋಡಿದ್ದೇ ತಡ, ಆ ಮುದುಕರು ಗೋಡೆ ಸವರಿಕೊಂಡು ಕತ್ತಲೆಗೆ ನುಗ್ಗಿದರು. ಒಂದು ನಿಮಿಷವೂ ಆಗಿರಲಾರದು; ಮಗಳ ಕೈ ಹಿಡಿದು ಇನ್ನೊಂದು ಬಾಗಿಲಿನಿಂದ ಬಂದರು. ನಮಗಿಂತ ಹೆಚ್ಚಾಗಿ ಬೆವರಿದ್ದವರು ಅವರೇ.

ಮಾಳಿಗೆಯ ಮೇಲೆ ಬಿಸಿಲಿತ್ತು. ಒಂದು ಕಡೆ ರೂಮಿ ದರ್ವಾಜಾ ಹೊಳೆಯುತ್ತಿತ್ತು. ನಾನು ಗದರಿಸಲು ಬಾಯಿ ತೆರೆದೆ. ಹೆಂಡತಿ ಮೆಲ್ಲನೆ, “ಬೇಡಿ. ಅವರಿಗೆ ಕಿವಿ ಕೇಳಿಸುವುದಿಲ್ಲ,” ಎಂದಳು.

ಕನ್ನಡ ಬಾರದ ಚಾಚಾ ಆ ಮಾತನ್ನು ನಮ್ಮ ಮುಖಗಳಲ್ಲಿ ಓದಿಕೊಂಡರು. “ಬೇಟಿ ಕಂಡುಹಿಡಿದುಬಿಟ್ಟರು,” ಎಂದು ತಲೆ ತಗ್ಗಿಸಿದರು. ಮೂರು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತು. ಹತ್ತಿರದ ಮಾತು ತುಟಿಯ ಚಲನೆಯಿಂದ ಅರ್ಥವಾಗುತ್ತಿತ್ತು. ಕಡ್ಡಿಯ ಸದ್ದು ಮಾತ್ರ ಪೂರ್ತಿ ಮರೆಯಾಗಿತ್ತು. “ಗೀರಿದ ಮೇಲೆ ಆ ತುದಿಯ ಮುಖಗಳನ್ನು ನೋಡುತ್ತೇನೆ. ಮಕ್ಕಳ ಕಣ್ಣು ಅರಳಿದರೆ ಸದ್ದು ಮುಟ್ಟಿತು ಎಂದು ತಿಳಿಯುತ್ತದೆ. ಆದರೆ ಕಿವುಡ ಗೈಡನನ್ನು ಯಾರು ಕರೆಯುತ್ತಾರೆ, ಸಾಹೇಬರೆ? ಇವತ್ತು ತಪ್ಪಾಯಿತು. ಇನ್ನು ಮೇಲೆ ಮಕ್ಕಳ ಕೈ ಹಿಡಿದೇ ಒಳಗೆ ಹೋಗುತ್ತೇನೆ.”

ರಾತ್ರಿಯ ಮುಸುಕಿನ ಕಥೆ ನನ್ನ ನೆನಪಿಗೆ ಬಂತು. ನಂಬದ ಅರ್ಧದಿಂದ ಅದನ್ನು ತೆಗೆದುಹಾಕಿದೆ. ಇನ್ನರ್ಧ ಹಣವನ್ನು ಕೊಡಹೋದೆ. ಅವರು ಮುಟ್ಟಲಿಲ್ಲ, ಬದಲಾಗಿ ಮರುದಿನ ಬೆಳಿಗ್ಗೆ ಚೌಕ್‌ಗೆ ಬರಬೇಕೆಂದರು, ಗಿರಾಕಿಗಳಾಗಿ ಅಲ್ಲ, ಅತಿಥಿಗಳಾಗಿ.

ಚೌಕ್‌ನ ಬೆಳಗು

ಚಳಿಗಾಲದಲ್ಲಿ ಮಾತ್ರ ಲಖನೌದಲ್ಲಿ ‘ಮಖ್ಖನ್ ಮಲಾಯಿ’ ಸಿಗುತ್ತದೆ. ಕಾಯಿಸಿದ ಹಾಲನ್ನು ರಾತ್ರಿಯ ಇಬ್ಬನಿಯಲ್ಲಿಟ್ಟು, ನಸುಕಿನಲ್ಲಿ ಕಡೆದು ನೊರೆಯೆತ್ತಿ, ಕೇಸರಿ ಬೆರೆಸುತ್ತಾರೆ. ಬಾಯಿಗಿಟ್ಟರೆ ಸಿಹಿ ಉಳಿದು ತಿಂಡಿ ಮಾಯವಾಗುತ್ತದೆ. ಗೋಲ್ ದರ್ವಾಜಾದ ಬಳಿ ನಾಲ್ಕು ದೊನ್ನೆ ಕೊಂಡು ಚಾಚಾ ತಾವೇ ಹಣ ತೆತ್ತರು. ನಾನು ಜೇಬಿಗೆ ಕೈ ಹಾಕಿದಾಗ ನೋಡಿದ ಆ ನೋಟದೆದುರು ಕೈ ತಾನಾಗಿ ಹೊರಬಂತು.

ಅವರ ಉಪಚಾರಕ್ಕೆ ಪ್ರತಿಯಾಗಿ ಕೊಡಲು ನನ್ನಲ್ಲಿದ್ದದ್ದು ಒಂದು ಕಥೆ ಮಾತ್ರ. ತುಟಿ ಕಾಣುವಂತೆ ಎದುರು ನಿಂತು, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ನಮ್ಮ ವಿಜಯಪುರದ ಗೋಲ್ ಗುಮ್ಮಟವನ್ನು ವರ್ಣಿಸಿದೆ. ಒಳಗೆ ಸುಮಾರು 38 ಮೀಟರ್ ವ್ಯಾಸದ ಆ ಗುಮ್ಮಟದ ಮೊಗಸಾಲೆಯಲ್ಲಿ ಗೋಡೆಗೆ ಪಿಸುಗುಟ್ಟಿದ ಮಾತು ಎದುರು ಬದಿಯವನ ಕಿವಿಗೆ ಮುಟ್ಟುವುದನ್ನು ಹೇಳಿದೆ. ಚಾಚಾ ಕಣ್ಣರಳಿಸಿ ಕೇಳಿದರು, ಅಂದರೆ ನೋಡಿದರು.

“ಹಾಗಾದರೆ ಅಲ್ಲಿ ನೀವು ಗೈಡ್, ನಾನು ಯಾತ್ರಿಕ,” ಎಂದರು. “ಆದರೆ ನೆನಪಿರಲಿ, ನೀವು ಕೇಳಿದ್ದರಲ್ಲಿ ಅರ್ಧವನ್ನೇ ಕೊಡುತ್ತೇನೆ!”

ಎಲ್ಲರೂ ನಕ್ಕೆವು. ನಕ್ಕವರಲ್ಲಿ ನನ್ನ ಮುಖವೇ ಹೆಚ್ಚು ಕೆಂಪಾಗಿತ್ತು.

ರೈಲು ಹೊರಟ ಮೇಲೆ ಮಗಳು ಬಹಳ ಹೊತ್ತು ಯೋಚಿಸುತ್ತಿದ್ದು, “ಅಪ್ಪಾ, ಚಾಚಾ ಗೋಲ್ ಗುಮ್ಮಟಕ್ಕೆ ಬಂದರೆ ಪಿಸುಮಾತು ಅವರಿಗೆ ಕೇಳಿಸುವುದಿಲ್ಲವಲ್ಲ?” ಎಂದಳು. ನಾನು ಉತ್ತರ ಹುಡುಕುತ್ತಿರುವಾಗ ಅವಳೇ ಹೇಳಿದಳು: “ಪರವಾಗಿಲ್ಲ. ಅವರೇ ಪಿಸುಗುಟ್ಟಲಿ. ನಾನು ಆ ಕಡೆ ನಿಂತು ಮುಖ ತೋರಿಸುತ್ತೇನೆ.”