ದಾಸ್ಯವೂ ಘಟ್ಟದ ಅರಣ್ಯವೂ

ಉತ್ತರ ಕನ್ನಡದ ಕಾನಸೂರಿನಿಂದ ಶಿರಸಿಯ ಮಾರ್ಗವಾಗಿ ಯಲ್ಲಾಪುರದತ್ತ ಸಾಗುವವರಿಗೆ ಸಿದ್ದಿಗಳ ವಸತಿಗಳು ಕಾಣುವುವು. ಪೋರ್ತುಗೀಜರು ಆಫ್ರಿಕೆಯಿಂದ ಗೋವೆಗೆ ತಂದ ದಾಸರಲ್ಲಿ, ಒಡೆಯರ ಕ್ರೌರ್ಯವನ್ನು ಸಹಿಸಲಾರದೆ ಘಟ್ಟದ ಅರಣ್ಯವನ್ನು ಹೊಕ್ಕವರ ಸಂತತಿಯೇ ಇವರಲ್ಲಿ ಬಹುಭಾಗವೆಂದು ಇತಿಹಾಸಜ್ಞರು ಅಭಿಪ್ರಾಯಪಡುವರು.

ಅತ್ತ ಅಮೆರಿಕದಲ್ಲಿ, ದಾಸ್ಯವು ಉತ್ತರಕ್ಕೆ ಹಬ್ಬದಂತೆ 1820ರಲ್ಲಿ ಎಳೆದಿದ್ದ ಮೇರೆಯನ್ನು 1854ರ ಕ್ಯಾನ್ಸಸ್–ನೆಬ್ರಾಸ್ಕ ಶಾಸನವು ಅಳಿಸಿ, ಮಾನವನ ಸ್ವಾತಂತ್ರ್ಯವನ್ನು ಆಯಾ ಪ್ರಾಂತದ ಬಹುಮತಕ್ಕೆ ಒಪ್ಪಿಸಿ—ಮತದಾನಕ್ಕೆ ಇಡಬಾರದ ವಸ್ತುವದು—ರಕ್ತಪಾತಕ್ಕೆ ಎಡೆಗೊಟ್ಟು, 1861ರ ಅಂತರ್ಯುದ್ಧದತ್ತ ರಾಷ್ಟ್ರವನ್ನೊಯ್ದಿತು. ಆ ಯುದ್ಧದಿಂದ ಅಮೆರಿಕದ ಹತ್ತಿ ಅಭಾವವಾಗಿ ಧಾರವಾಡದ ಹತ್ತಿಗೆ ಬೇಡಿಕೆಯೇರಿದ ಕಾಲದಲ್ಲಿಯೇ, ಕಾರವಾರದ ಬಂದರನ್ನು ಬಯಸಿದ ಮುಂಬಯಿ ವರ್ತಕರ ಒತ್ತಾಯದಿಂದ ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು.

ನಮ್ಮಲ್ಲಿ ದಾಸನ ಮೇಲಣ ಒಡೆತನವನ್ನು ನ್ಯಾಯಾಲಯಗಳು ಮನ್ನಿಸದಂತೆ 1843ರ ಶಾಸನವು ಮಾಡಿತಾದರೂ, ಸಾಲಕ್ಕೆ ಕಟ್ಟುಬಿದ್ದ ಜೀತವನ್ನು ತೊಡೆಯಲು 1976ರ ಕಾಯಿದೆಯೇ ಬೇಕಾಯಿತೆಂಬುದು ಅತೀವ ವಿಷಾದದ ಸಂಗತಿ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.