ಲೋಕದ ನಗೆಯೂ ಮನಸ್ಸಿನ ನಿಶ್ಚಯವೂ

ಅಂಬುಧಿ ಎಂದರೆ ಸಮುದ್ರ. ಕಡಲಿನಿಂದ ಬಹುದೂರವಿರುವ ನಮ್ಮ ಬುಕ್ಕಾಂಬುಧಿಗೆ ಕಡಲಿನ ಹೆಸರು ಸೇರಿಕೊಂಡಿದೆ. ತರೀಕೆರೆ, ಅಜ್ಜಂಪುರಗಳ ಈ ಸೀಮೆಯಲ್ಲಿ ನಾವು ನೋಡಿದ ಹಳೆಯ ಮನೆಗಳ ಮೇಲಿನ ಕೆಂಪು ಹೆಂಚಿಗೂ ಕಡಲ ತೀರದ ಹೆಸರೇ. ಅದನ್ನು ನಾವು ‘ಮಂಗಳೂರು ಹೆಂಚು’ ಎಂದು ಕರೆಯುತ್ತೇವೆ. ಮಳೆಗಾಲದಲ್ಲಿ ಅದರ ಕೆಳಗೆ ಬೆಚ್ಚಗೆ ಮಲಗುವವರು, ಆ ಹೆಂಚಿನ ಹಿಂದೆ ಮನೆ ಕಳೆದುಕೊಂಡವರ ಕಥೆಯಿದೆಯೆಂಬುದನ್ನು ಬಲ್ಲರೇ?

ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಬೋಧನೆಯನ್ನು ಕೇಳಿ ಕ್ರೈಸ್ತರಾದವರಿಗೆ ಮೊದಲು ದೊರೆತದ್ದು ಸನ್ಮಾನವಲ್ಲ, ಬಹಿಷ್ಕಾರ. ಜಾತಿ ಹೋದೊಡನೆ ಕುಲಕಸುಬು ಹೋಯಿತು. ನೆಂಟರ ಬಾಗಿಲು ಮುಚ್ಚಿತು. ಒಕ್ಕಲುತನದ ಭೂಮಿಯೂ ಕೈಬಿಡುವ ಸಂದರ್ಭವಿತ್ತು. ಇಂಥವರ ಹೊಟ್ಟೆಪಾಡಿಗೆಂದೇ ಮಿಷನ್ನಿನವರು ನೇಯ್ಗೆಯ ಕಾರ್ಖಾನೆಯನ್ನು ತೆರೆದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಮ್ಮ ತಲೆಯ ಮೇಲಿನ ನೆರಳು ಹೀಗೆ ನೆರಳಿಲ್ಲದವರ ಬೆವರಿನಿಂದ ಮೊದಲಾಯಿತು.

ಅವರಲ್ಲಿ ಒಬ್ಬರ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ. ಆನಂದರಾವ್ ಕೌಂಡಿನ್ಯರು 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು. ಮಿಷನ್ನಿನ ಶಾಲೆಯಲ್ಲಿ ಓದಿದವರು. ಬಾಲ್ಯದಲ್ಲಿಯೇ ವಿವಾಹವಾಗಿತ್ತು. 1844ರ ಜನವರಿಯಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿರುವಾಗ, ಇನ್ನಿಬ್ಬರು ಸಾರಸ್ವತ ತರುಣರೊಡನೆ ಅವರು ದೀಕ್ಷಾಸ್ನಾನವನ್ನು ಹೊಂದಿದರು. ಊರಿಗೆ ಊರೇ ಕದಡಿತು. ಗುರುಗಳಾದ ಹೆರ್ಮನ್ ಮೋಗ್ಲಿಂಗರ ಹೆಸರು ಶಿಷ್ಯನಿಗೆ ಬಂದು, ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಆದರೆ ಪತ್ನಿಯಾದ ಲಕ್ಷ್ಮಿಯು ಅವರೊಡನೆ ಬರಲಿಲ್ಲ.

ಮತಾಂತರ ಹೊಂದಿದವನ ಪಿತ್ರಾರ್ಜಿತ ಹಕ್ಕು ನಷ್ಟವಾಗಬಾರದೆಂಬ ಕಾಯಿದೆಯು ಬಂದದ್ದು 1850ರಲ್ಲಿ. ಕೌಂಡಿನ್ಯರು ಹೆಜ್ಜೆಯಿಟ್ಟಾಗ ಆ ಆಸರೆಯೂ ಇರಲಿಲ್ಲ. ಹಣದಾಸೆಯಿಂದ ಮತ ಬಿಟ್ಟನೆಂದು ನಗುವವರು ಯಾವ ಕಾಲಕ್ಕೂ ಇರುತ್ತಾರೆ. ಇವರ ಲೆಕ್ಕವನ್ನು ಬರೆದು ನೋಡಿದರೆ, ಹೋದದ್ದು ಎಷ್ಟೆಂಬುದು ಯಾರಿಗಾದರೂ ತಿಳಿದೀತು.

1846ರಲ್ಲಿ ಅವರು ಬಾಸೆಲ್ ನಗರಕ್ಕೆ ಹೋಗಿ ವ್ಯಾಸಂಗ ಮಾಡಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಗಳಾಗಿ ಹಿಂದಿರುಗಿದರು. ಬೇರೆಯೂರಿನಲ್ಲಿ ನೆಲಸಿದ್ದರೆ ಹಳೆಯ ಪರಿಚಿತರ ಮೂದಲೆ ತಪ್ಪುತ್ತಿತ್ತು. ಅವರು ಮಂಗಳೂರಿಗೇ ಬಂದು, ಉಪದೇಶಕರಾಗುವ ಹುಡುಗರಿಗೆ ಕಲಿಸುವ ಕೆಲಸವನ್ನು ಹಿಡಿದರು. ಕೊಡಗಿನಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಕುಟುಂಬಗಳಿಗೆ ಮೋಗ್ಲಿಂಗರು ಆನಂದಪುರದಲ್ಲಿ ನೆಲೆ ಕಲ್ಪಿಸಿದಾಗ, ಕೌಂಡಿನ್ಯರೂ ಅದಕ್ಕೆ ಕೈಜೋಡಿಸಿದರು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವರಿಸಿ ಸಂಸಾರ ಕಟ್ಟಿಕೊಂಡರು. 1893ರಲ್ಲಿ ತೀರಿಕೊಳ್ಳುವವರೆಗೂ ಹಿಡಿದದ್ದನ್ನು ಬಿಡಲಿಲ್ಲ.

ವಾಚಕರಲ್ಲಿ ಕೆಲವರು, ‘ಮಗನನ್ನು ಕಳೆದುಕೊಂಡ ಮನೆಯವರ ದುಃಖವೇನು? ಕೈಹಿಡಿದವಳ ಪಾಡೇನು?’ ಎಂದು ಕೇಳಬಹುದು. ಆ ಪ್ರಶ್ನೆಯನ್ನು ನಾವು ಹಗುರವೆಂದು ಎಣಿಸುವುದಿಲ್ಲ. ಲಕ್ಷ್ಮಿಯ ಮನಸ್ಸಿಗೂ ಒಂದು ನಿಶ್ಚಯವಿದ್ದಿರಬಹುದು. ಆಕೆಯನ್ನು ನಿಂದಿಸುವುದು ಅನ್ಯಾಯ. ಶ್ರದ್ಧೆಗೆ ಬೆಲೆ ಕೊಡುವವನು ತಾನೊಬ್ಬನೇ ಅಲ್ಲ, ತನ್ನ ಸುತ್ತಲಿನವರೂ ಹೌದು ಎಂಬುದನ್ನು ನಂಬಿಕೆಯುಳ್ಳ ಪ್ರತಿಯೊಬ್ಬನೂ ಮರೆಯದಿರಬೇಕು. ಅದನ್ನರಿತವನಲ್ಲಿ ದೃಢತೆಯಿರುತ್ತದೆ, ದರ್ಪವಿರುವುದಿಲ್ಲ. ಲೋಕವು ನಕ್ಕಿತೆಂದು ತಿರುಗಿ ಲೋಕವನ್ನು ಹಳಿಯುವವನು, ತನ್ನನ್ನು ಹಳಿದವರ ಸಾಲಿನಲ್ಲಿಯೇ ನಿಂತನಷ್ಟೆ.

1950ರಿಂದ ನಮ್ಮ ರಾಜ್ಯಾಂಗವು ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಕಾಯಿದೆಯು ಆಸ್ತಿಯನ್ನು ಕಾಯಬಲ್ಲುದು. ಜಗಲಿಯ ಮೇಲಿನ ಕುಹಕವನ್ನು ತಡೆಯಲಾರದು. ಅದನ್ನು ತಡೆಯುವುದು ಗೃಹಸ್ಥರ ಕೆಲಸ. ನೆರೆಮನೆಯವರು ಭಾನುವಾರ ಪ್ರಾರ್ಥನೆಗೆ ಹೊರಟಾಗ ನಮ್ಮ ಮಕ್ಕಳು ಕಿಸಕ್ಕನೆ ನಕ್ಕರೆ, ಅವರನ್ನು ಕೂಡಲೇ ಕರೆದು ತಿದ್ದೋಣ. ಹಾಗೆಯೇ ನಾವು ನಂಬಿದ್ದನ್ನು ಕುರಿತು ಯಾರಾದರೂ ನಕ್ಕರೆ, ಮುಖ ಕೆಡಿಸಿಕೊಳ್ಳದೆ ನಮ್ಮ ಪ್ರಾರ್ಥನೆಯನ್ನು ಮುಗಿಸಿ, ಮರುದಿನ ಅವರ ಮನೆಯ ಕಷ್ಟಕ್ಕೆ ಮೊದಲು ಹೋಗೋಣ. ಇದಕ್ಕಿಂತ ಬಲವಾದ ಉತ್ತರವನ್ನು ನಾವಂತೂ ಅರಿಯೆವು.